ಸಾಲ ಕೊಟ್ಟವನೇ ಗಿರಾಕಿ: ಕುದುರೆಮುಖ, ಪಣಂಬೂರು ಮತ್ತು ಇರಾನಿನ ಅರ್ಧ ಸಾಲ

ಕುಳೂರು ಸೇತುವೆ ದಾಟಿ ಸುರತ್ಕಲ್ ಕಡೆ ಹೊರಟರೆ ಪಣಂಬೂರಿನಲ್ಲಿ ಕುದುರೆಮುಖ ಕಂಪನಿಯ ಪೆಲೆಟ್ ಕಾರ್ಖಾನೆ, ಅಂದರೆ ಕಬ್ಬಿಣದ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಕಾರ್ಖಾನೆ, ಸಿಗುತ್ತದೆ. ದಿನಾ ಸಾವಿರಾರು ಜನ ಬಸ್ಸಿನಲ್ಲಿ ಅದನ್ನು ನೋಡಿಕೊಂಡೇ ಹೋಗುತ್ತಾರೆ. ಈ ಯೋಜನೆ ಯಾರ ದುಡ್ಡಿನಿಂದ ಶುರುವಾಯಿತು ಅಂತ ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ ಸರ್ಕಾರದ್ದು ಅನ್ನುತ್ತಾರೆ. ಇರಾನಿನ ದೊರೆ ಶಾ ಕೊಟ್ಟ ಸಾಲದಿಂದ ಅಂದರೆ ತಲೆ ಎತ್ತಿ ನೋಡುತ್ತಾರೆ.

ನಾನು ಮಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಹೊರದೇಶದ ಸಾಲ ಮತ್ತು ಬಂಡವಾಳದ ಪಾಠ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಸರ್, ಇದು ದೇಶಕ್ಕೆ ಒಳ್ಳೆಯದಾ, ಕೆಟ್ಟದ್ದಾ?" ಪಠ್ಯಪುಸ್ತಕ ಎರಡೂ ಕಡೆ ನಾಲ್ಕು ನಾಲ್ಕು ಅಂಶ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಅದರಿಂದ ಪರೀಕ್ಷೆ ಬರೆಯಬಹುದು, ವಿಷಯ ತಲೆಗೆ ಹೋಗುವುದಿಲ್ಲ. ಹಾಗಾಗಿ ನಾನು ನಮ್ಮ ಊರಿನದೇ ಒಂದು ಪ್ರಕರಣ ಹಿಡಿಯುತ್ತೇನೆ.

ಕುದುರೆಮುಖದ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇದೆ ಅಂತ 1913ರಲ್ಲೇ ಗೊತ್ತಾಗಿತ್ತು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಅದನ್ನು ಗುರುತಿಸಿದ್ದರು. ಆದರೆ ಆ ಅದಿರು ಬಡ ಅದಿರು. ಕಬ್ಬಿಣದ ಪಾಲು ನೂರಕ್ಕೆ 38ರ ಆಸುಪಾಸು. ಅದನ್ನು ಪುಡಿ ಮಾಡಿ, ತೊಳೆದು, ಆಯಸ್ಕಾಂತದಿಂದ ಬೇರ್ಪಡಿಸಿ 67ರ ಹತ್ತಿರ ತಂದರೆ ಮಾತ್ರ ಮಾರಾಟಕ್ಕೆ ಯೋಗ್ಯ. ಜಾಗ ನೋಡಿದರೆ ವರ್ಷಕ್ಕೆ 6,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಘಟ್ಟ. ಯಂತ್ರಗಳಿಗೆ, ತಂತ್ರಜ್ಞಾನಕ್ಕೆ ಡಾಲರ್ ಬೇಕು. ನಮ್ಮಲ್ಲಿ ಡಾಲರ್ ಇರಲಿಲ್ಲ. ಬೆಟ್ಟ ಅಲ್ಲೇ ಇತ್ತು, ಅದಿರೂ ಅಲ್ಲೇ ಇತ್ತು.

ಬಡ ದೇಶಗಳಿಗೆ ಎರಡು ಬೇರೆ ಬೇರೆ ಕೊರತೆ ಇರುತ್ತದೆ ಅಂತ 1966ರಲ್ಲಿ ಹಾಲಿಸ್ ಚೆನರಿ ಮತ್ತು ಅಲನ್ ಸ್ಟ್ರೌಟ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ವಿವರಿಸಿದ್ದರು. ಒಂದು, ಉಳಿತಾಯದ ಕೊರತೆ. ಇನ್ನೊಂದು, ವಿದೇಶಿ ಹಣದ ಕೊರತೆ. ಮನೆಯಲ್ಲಿ ದುಡ್ಡಿದ್ದರೂ ಅಂಗಡಿಯವನು ಆ ನೋಟು ತೆಗೆದುಕೊಳ್ಳದಿದ್ದರೆ ಏನು ಮಾಡುವುದು? ಎರಡನೆಯ ಕೊರತೆ ಅಂಥದ್ದು. ರೂಪಾಯಿ ಎಷ್ಟು ಕೂಡಿಟ್ಟರೂ ಕೆನಡಾದ ಅಥವಾ ಅಮೆರಿಕದ ಯಂತ್ರ ಬರುವುದಿಲ್ಲ. ಹೊರಗಿನ ಸಾಲ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿಯೇ.

1973ರ ಕೊನೆಗೆ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಬ್ಯಾರಲ್‌ಗೆ ಸುಮಾರು 3 ಡಾಲರ್‌ನಿಂದ 12 ಡಾಲರ್ ಹತ್ತಿರಕ್ಕೆ ಹೋಯಿತು. ನಮಗೆ ಅದು ದೊಡ್ಡ ಹೊಡೆತ, ಇರಾನಿಗೆ ದುಡ್ಡಿನ ಹೊಳೆ. ಶಾ ತಮ್ಮ ದೇಶದಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಗಳ ಕನಸು ಕಾಣುತ್ತಿದ್ದರು. ಅವರಿಗೆ ಅದಿರು ಬೇಕು, ನಮಗೆ ಡಾಲರ್ ಬೇಕು. 1975ರಲ್ಲಿ ಒಪ್ಪಂದ ಆಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು. ಭಾರತ 21 ವರ್ಷಗಳಲ್ಲಿ 15 ಕೋಟಿ ಟನ್ ಸಾಂದ್ರ ಅದಿರು, ಅಂದರೆ ಹೀಗೆ ಬೇರ್ಪಡಿಸಿದ ಪುಡಿ, ಕಳಿಸುವುದು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು.

ಇಲ್ಲಿ ನಾನು ವಿದ್ಯಾರ್ಥಿಗಳಿಗೆ ಒಂದು ಭಾಗಾಕಾರ ಮಾಡಿಸುತ್ತೇನೆ. 15 ಕೋಟಿ ಟನ್ನನ್ನು 21ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 71 ಲಕ್ಷ ಟನ್. ಕುದುರೆಮುಖದಲ್ಲಿ ಕಟ್ಟಿದ ಘಟಕದ ಸಾಮರ್ಥ್ಯ ವರ್ಷಕ್ಕೆ 75 ಲಕ್ಷ ಟನ್. ಅಂದರೆ ಇಡೀ ಕಾರ್ಖಾನೆಯನ್ನು ಒಬ್ಬನೇ ಗಿರಾಕಿಯ ಅಳತೆಗೆ ಹೊಲಿದಿದ್ದರು. ಆ ಗಿರಾಕಿಯೇ ಸಾಲ ಕೊಟ್ಟವನು. ಈ ಪ್ರಕರಣದ ಗಂಟು ಇರುವುದು ಈ ಒಂದು ಲೆಕ್ಕದಲ್ಲಿ.

ಆ ಹೊತ್ತಿಗೆ ಇದು ತಪ್ಪು ಅಂತ ಯಾರೂ ಹೇಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅದು ತುಂಬಾ ಭದ್ರವಾದ ಒಪ್ಪಂದದ ಹಾಗೆ ಕಾಣುತ್ತದೆ. ಸಾಮಾನ್ಯವಾಗಿ ಸಾಲ ಮಾಡಿದವನಿಗೆ ಎರಡು ಚಿಂತೆ: ಮಾಲು ಹೋಗುತ್ತದಾ, ಸಾಲ ತೀರುತ್ತದಾ? ಇಲ್ಲಿ ಮಾಲು ತೆಗೆದುಕೊಳ್ಳುವವನು ಮೊದಲೇ ಸಹಿ ಹಾಕಿದ್ದಾನೆ, ಅದಿರಿನ ಹಣದಿಂದಲೇ ಸಾಲ ತೀರುತ್ತದೆ. ನಮ್ಮೂರಿನ ಬ್ಯಾಂಕಿನವರ ಮುಂದೆ ಈ ಕಾಗದ ಇಟ್ಟಿದ್ದರೂ ಕಣ್ಣು ಮುಚ್ಚಿ ಮಂಜೂರು ಮಾಡುತ್ತಿದ್ದರು ಅನಿಸುತ್ತದೆ. ಕೆನರಾ ಬ್ಯಾಂಕ್, ಕಾರ್ಪೊರೇಶನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ವಿಜಯಾ ಬ್ಯಾಂಕ್, ಕರ್ಣಾಟಕ ಬ್ಯಾಂಕ್ ಎಲ್ಲ ಹುಟ್ಟಿದ ಸೀಮೆ ಇದು. ಇಲ್ಲಿಯವರಿಗೆ ಸಾಲದ ಒಳಹೊರಗು ಚೆನ್ನಾಗಿ ಗೊತ್ತು.

ನನ್ನ ಸೋದರಮಾವ ಆಗ ಪಣಂಬೂರಿನಲ್ಲಿ ಗುತ್ತಿಗೆದಾರರೊಬ್ಬರ ಕೈಕೆಳಗೆ ವೆಲ್ಡಿಂಗ್ ಕೆಲಸ ಮಾಡುತ್ತಿದ್ದರು. ಹೊಸ ಬಂದರು 1975ರ ಜನವರಿಯಲ್ಲಷ್ಟೇ ಉದ್ಘಾಟನೆ ಆಗಿತ್ತು. ಅದಿರಿಗಾಗಿ ಅಲ್ಲಿ ಬೇರೆಯೇ ದಕ್ಕೆ ಬಂತು. ಘಟ್ಟದ ಮೇಲಿಂದ ಬಂದರಿನವರೆಗೆ 67 ಕಿಲೋಮೀಟರ್ ಪೈಪು. ಪುಡಿ ಮಾಡಿದ ಅದಿರನ್ನು ನೀರಿನಲ್ಲಿ ಕಲಸಿ, ಗಂಜಿಯ ಹಾಗೆ ಮಾಡಿ, ಇಳಿಜಾರಿನ ಬಲದಲ್ಲಿ ಕೆಳಗೆ ಹರಿಸುವ ವ್ಯವಸ್ಥೆ. ಕೆಳಗೆ ಬಂದ ಮೇಲೆ ನೀರು ಬಸಿದು ಕಪ್ಪು ಪುಡಿ ತೆಗೆಯುವುದು. ಮಾವ ಈಗಲೂ ಆ ಪುಡಿಯ ಬಗ್ಗೆ ಹೇಳುತ್ತಾರೆ. ಕೈಗೆ ತಗೊಂಡರೆ ಹಿಟ್ಟಿನ ಹಾಗೆ ನುಣುಪು, ಆದರೆ ಒಂದು ಮುಷ್ಟಿ ಎತ್ತಿದರೆ ಕೈ ಕೆಳಗೆ ಜಗ್ಗುತ್ತದೆ. ಸಂಜೆ ಮನೆಗೆ ಬಂದು ಎರಡು ಸಲ ಸೋಪು ಹಾಕಿದರೂ ಉಗುರಿನ ಸಂದಿಯಲ್ಲಿ ಮಿಣ ಮಿಣ ಹೊಳೆಯುತ್ತಿತ್ತಂತೆ.

1978ರಲ್ಲಿ ಇರಾನಿನಲ್ಲಿ ಮುಷ್ಕರ, ಗಲಾಟೆ ಶುರುವಾಯಿತು. 1979ರ ಜನವರಿ 16ರಂದು ಶಾ ದೇಶ ಬಿಟ್ಟರು. ಫೆಬ್ರವರಿ 1ಕ್ಕೆ ಕ್ರಾಂತಿಯ ನಾಯಕ ಖೊಮೇನಿ ತೆಹರಾನಿಗೆ ಬಂದಿಳಿದರು. ಹೊಸ ಸರ್ಕಾರಕ್ಕೆ ಶಾ ಹಾಕಿಕೊಂಡ ಯೋಜನೆಗಳು ಬೇಕಿರಲಿಲ್ಲ. ಇರಾನ್ ಕೊಡಬೇಕಿದ್ದ ಸಾಲದ ಕಂತು ನಿಂತಿತು. ಅಷ್ಟರೊಳಗೆ ಬಂದಿದ್ದು 25.5 ಕೋಟಿ ಡಾಲರ್, ಅಂದರೆ ಒಪ್ಪಿದ್ದರಲ್ಲಿ ನೂರಕ್ಕೆ 40ರಷ್ಟು. ಅದಿರು ತೆಗೆದುಕೊಳ್ಳುವ ಮಾತೂ ಅಲ್ಲಿಗೇ ನಿಂತಿತು.

"ಆಗ ನಿಮಗೆಲ್ಲ ಹೆದರಿಕೆ ಆಗ್ಲಿಲ್ವಾ?" ಅಂತ ಮಾವನನ್ನು ಕೇಳಿದ್ದೆ.

"ಹಡಗು ಬರ್ಲಿಕ್ಕಿಲ್ಲ ಅಂತ ಹೇಳ್ತಿದ್ರು ಮಾರಾಯ. ಆದ್ರೆ ಪೈಪಿನ ಕೆಲಸ ನಿಲ್ಲಲಿಲ್ಲ. ಶನಿವಾರ ಬಟವಾಡೆ ಆಗ್ತಾ ಇತ್ತು. ಮತ್ತೆ ನಮಗೆ ಎಂತ ಗೊತ್ತು?"

ಕೆಲಸ ಯಾಕೆ ನಿಲ್ಲಲಿಲ್ಲ ಅನ್ನುವುದೇ ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ. ಉಳಿದ ಹಣವನ್ನು ಕೇಂದ್ರ ಸರ್ಕಾರ ತನ್ನ ಬೊಕ್ಕಸದಿಂದ ಹಾಕಿತು. ಅರ್ಧಕ್ಕೆ ಬಿಟ್ಟಿದ್ದರೆ ಹಾಕಿದ್ದೆಲ್ಲ ಮಳೆಗೆ ತುಕ್ಕು ಹಿಡಿಯುತ್ತಿತ್ತು. ಮುಂದುವರಿಸಿದರೆ ಬೇರೆ ಯಾವುದೋ ಕಾಲುವೆ, ಯಾವುದೋ ಶಾಲೆಗೆ ಹೋಗಬೇಕಾದ ದುಡ್ಡು ಇಲ್ಲಿಗೆ ಬರುತ್ತಿತ್ತು. ಎರಡರಲ್ಲೂ ನಷ್ಟ ಇತ್ತು. ಸರ್ಕಾರ ಎರಡನೆಯದನ್ನು ಆರಿಸಿಕೊಂಡಿತು, ಅದು ಸರಿ ಅಂತ ನಾನು ನಂಬುತ್ತೇನೆ. ಹೊರಗಿನವರು ಕೈ ಬಿಟ್ಟಾಗ ಹಿಡಿದುಕೊಳ್ಳಲು ನಮ್ಮದೇ ಒಂದು ಕೈ ಇತ್ತು. ಸಣ್ಣ ದೇಶಗಳಲ್ಲಿ ಎಷ್ಟೋ ಕಡೆ ಅದು ಇರುವುದಿಲ್ಲ. ಅರ್ಧ ಕಟ್ಟಿದ ಅಣೆಕಟ್ಟು, ಅರ್ಧ ಹಾಕಿದ ರೈಲು ಹಳಿ, ಪೂರ್ತಿ ಉಳಿದ ಸಾಲ.

1980ರ ಆಗಸ್ಟ್ ಹೊತ್ತಿಗೆ ಘಟಕ ತಯಾರಾಯಿತು, ಅದೂ ಹೇಳಿದ ಸಮಯಕ್ಕೆ ಸರಿಯಾಗಿ. ಮರುತಿಂಗಳೇ ಇರಾನ್ ಇರಾಕ್ ಯುದ್ಧ ಶುರು. ಗಿರಾಕಿ ಬರುವ ಆಸೆ ಇನ್ನೂ ದೂರ ಹೋಯಿತು.

ಇಲ್ಲಿ ಮಾಲಿನ ಗುಣ ನೋಡಬೇಕು. ಗಟ್ಟಿ ಕಲ್ಲಿನ ಅದಿರಾದರೆ ಜಗತ್ತಿನ ಯಾವ ಉಕ್ಕಿನ ಕಾರ್ಖಾನೆಗೂ ಮಾರಬಹುದು. ಕುದುರೆಮುಖದ್ದು ಹಿಟ್ಟಿನಂಥ ಪುಡಿ. ಅದನ್ನು ನೇರವಾಗಿ ಕಬ್ಬಿಣ ಕರಗಿಸುವ ಊದುಕುಲುಮೆಗೆ ಹಾಕಲು ಆಗುವುದಿಲ್ಲ. ನಮ್ಮ ಕಡೆ ಬಚ್ಚಲೊಲೆಗೆ ಮರದ ಹುಡಿಯನ್ನು ಒಮ್ಮೆಲೇ ಸುರಿದರೆ ಗಾಳಿ ಆಡದೆ ಬೆಂಕಿ ಕಟ್ಟಿಹೋಗುತ್ತದಲ್ವಾ, ಹಾಗೆ. ಪುಡಿಯನ್ನು ಉಂಡೆ ಕಟ್ಟುವ ಕಾರ್ಖಾನೆ ಇದ್ದವರು ಮಾತ್ರ ಅದನ್ನು ಜಾಸ್ತಿ ಕೊಳ್ಳುತ್ತಾರೆ. ಅಂದರೆ ಇರಾನಿಗೆ ಅಂತ ಮಾಡಿದ ಅಡುಗೆ, ಬೇರೆಯವರಿಗೆ ಬಡಿಸುವುದು ಕಷ್ಟ.

ಆಗ ತೆಗೆದುಕೊಂಡ ತೀರ್ಮಾನ ಸಣ್ಣದಲ್ಲ. ಉಂಡೆ ಕಟ್ಟುವ ಕಾರ್ಖಾನೆಯನ್ನು ನಾವೇ ಹಾಕೋಣ ಅಂತ 1981ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ 30 ಲಕ್ಷ ಟನ್ನಿನ ಪೆಲೆಟ್ ಘಟಕ ಪಣಂಬೂರಿನಲ್ಲಿ ಎದ್ದು ನಿಂತಿತು. 1987ರಲ್ಲಿ ಅದು ಮಾರಾಟಕ್ಕೆ ಮಾಲು ಕೊಡಲು ಶುರು ಮಾಡಿತು.

ಮಾವನ ಮನೆಯ ಶೋಕೇಸಿನಲ್ಲಿ ಒಂದು ಸಣ್ಣ ಗಾಜಿನ ಭರಣಿ ಉಂಟು. ಅದರಲ್ಲಿ ಏಳೆಂಟು ಪೆಲೆಟ್. ನಾನು ಒಂದನ್ನು ಕೇಳಿ ತಗೊಂಡು ತರಗತಿಗೆ ಒಯ್ಯುತ್ತೇನೆ. ಗೋಲಿಗಿಂತ ಸ್ವಲ್ಪ ಚಿಕ್ಕದು, ಪೂರ್ತಿ ದುಂಡಗಿಲ್ಲ, ಒಂದು ಬದಿ ಚಪ್ಪಟೆ. ಕಪ್ಪು ಕಂದು ಬಣ್ಣ. ಬೆಂಚಿನಿಂದ ಬೆಂಚಿಗೆ ಕೈ ಬದಲಾಗುತ್ತಾ ಹೋಗುತ್ತದೆ, ಕೊನೆಗೆ ಎಲ್ಲರ ಅಂಗೈಯಲ್ಲಿ ತೆಳು ಕೆಂಪು ಕಲೆ. ಪುಡಿಗೆ ಬೆಂಟೋನೈಟ್ ಜೇಡಿ ಸೇರಿಸಿ, ನೀರು ಚಿಮುಕಿಸಿ, ತಿರುಗುವ ದೊಡ್ಡ ತಟ್ಟೆಯಲ್ಲಿ ಉರುಳಿಸಿದರೆ ಇದು ತಾನಾಗಿ ಉಂಡೆಯಾಗುತ್ತದೆ. ಆಮೇಲೆ ಸುಮಾರು 1,300 ಡಿಗ್ರಿ ಶಾಖದಲ್ಲಿ ಸುಟ್ಟರೆ ಗಟ್ಟಿ. ಒಬ್ಬ ಗಿರಾಕಿಗೆ ಕಟ್ಟಿಬಿದ್ದಿದ್ದ ಪುಡಿ ಹೀಗೆ ಯಾರಿಗೆ ಬೇಕಾದರೂ ಮಾರಬಹುದಾದ ಮಾಲಾಯಿತು. ಚೀನಾಕ್ಕೆ, ಜಪಾನಿಗೆ ಹಡಗು ಹೋಯಿತು. ಮಂಗಳೂರಿಗೆ ಬಂದ ಬೆಳವಣಿಗೆಯಲ್ಲಿ ಬಹುಪಾಲು ಈ ಎರಡನೇ ಹೆಜ್ಜೆಯಿಂದ ಬಂದದ್ದು ಅಂತ ನನ್ನ ಅಭಿಪ್ರಾಯ. ಫಿಟ್ಟರು, ವೆಲ್ಡರು, ಕ್ರೇನ್ ಓಡಿಸುವವರು, ಪ್ರಯೋಗಾಲಯದ ಹುಡುಗರು, ಹೀಗೆ ದೊಡ್ಡ ಯಂತ್ರದ ಕೆಲಸ ಬಲ್ಲವರ ಒಂದು ತಲೆಮಾರೇ ಈ ಊರಿನಲ್ಲಿ ಬೆಳೆಯಿತು.

ಇನ್ನು ರೂಪಾಯಿಯ ಮಾತು. 1980ರ ಸುಮಾರಿಗೆ ಒಂದು ಡಾಲರ್‌ಗೆ ಹತ್ತಿರ ಹತ್ತಿರ 8 ರೂಪಾಯಿ. 1991ರ ಜುಲೈ ಅಪಮೌಲ್ಯದ ನಂತರ 26ರ ಆಸುಪಾಸು. ಪಾಠಕ್ಕಾಗಿ ಹೀಗೆ ಲೆಕ್ಕ ಹಾಕೋಣ: 25.5 ಕೋಟಿ ಡಾಲರ್ ಅಂದರೆ 8 ರೂಪಾಯಿಯ ಲೆಕ್ಕದಲ್ಲಿ 204 ಕೋಟಿ, 26ರ ಲೆಕ್ಕದಲ್ಲಿ 663 ಕೋಟಿ. ಒಂದು ಡಾಲರೂ ಹೊಸದಾಗಿ ತೆಗೆದುಕೊಂಡಿಲ್ಲ, ಬಡ್ಡಿಯೂ ಸೇರಿಸಿಲ್ಲ. ಆದರೂ ಹೊರೆ ಮೂರು ಪಾಲಿಗಿಂತ ಜಾಸ್ತಿ.

ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟುತ್ತಿದ್ದ ಉಡುಪಿಯ ಅಂಗಡಿಯವನಿಗೆ ಈ ಭಯ ಇರಲಿಲ್ಲ. ಅವನು ಗಳಿಸುವುದೂ ಆಣೆ, ಕಟ್ಟುವುದೂ ಆಣೆ. ಹೊರದೇಶದ ಸಾಲದಲ್ಲಿ ಹಾಗಲ್ಲ. ಆ ಡಾಲರಿನಲ್ಲಿ ಏನು ಕಟ್ಟುತ್ತೀರೋ ಅದು ಡಾಲರನ್ನೇ ಗಳಿಸಿಕೊಟ್ಟರೆ ತೊಂದರೆ ಇಲ್ಲ. ಕುದುರೆಮುಖ ಬಚಾವಾದದ್ದಕ್ಕೆ ಇದೂ ಒಂದು ಕಾರಣ. ಅದರ ಮಾಲು ಹೊರಗೆ ಹೋಗುತ್ತಿತ್ತು, ಸಂಪಾದನೆ ಡಾಲರಿನಲ್ಲೇ ಇತ್ತು. ಅದೇ ಡಾಲರ್ ಸಾಲದಿಂದ ಊರೊಳಗೆ ಮಾತ್ರ ರೂಪಾಯಿ ಗಳಿಸುವ ಏನನ್ನಾದರೂ ಕಟ್ಟಿದರೆ, ರೂಪಾಯಿ ಬಿದ್ದ ದಿನ ಲೆಕ್ಕವೂ ಬೀಳುತ್ತದೆ. 1970ರ ದಶಕದ ತೈಲದ ದುಡ್ಡು ದೊಡ್ಡ ಬ್ಯಾಂಕುಗಳ ಮೂಲಕ ಲ್ಯಾಟಿನ್ ಅಮೆರಿಕಕ್ಕೂ ಹೋಗಿತ್ತು. ಬಡ್ಡಿ ದರ ಏರಿದಾಗ 1982ರ ಆಗಸ್ಟ್‌ನಲ್ಲಿ ಮೆಕ್ಸಿಕೊ ಕಂತು ಕಟ್ಟಲು ಆಗುವುದಿಲ್ಲ ಅಂತ ಕೈ ಎತ್ತಿತು. ನಾವೂ 1991ರಲ್ಲಿ 47 ಟನ್ ಚಿನ್ನವನ್ನು ವಿಮಾನದಲ್ಲಿ ಹೊರಗೆ ಕಳಿಸಿ ಅಡವಿಡಬೇಕಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಪ್ರಕರಣ ಅರ್ಧವೇ. ಬೆಳವಣಿಗೆಯ ಬೆಲೆಯನ್ನು ಯಾರು ಕೊಟ್ಟರು ಅಂತ ನೋಡದೆ ಇದನ್ನು ಮುಗಿಸಲು ನನ್ನಿಂದ ಆಗುವುದಿಲ್ಲ. ಬಂದರಿಗೆ ಜಾಗ ಬಿಟ್ಟುಕೊಟ್ಟ ಪಣಂಬೂರಿನ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರದಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡವು. ಅವರ ಮೊಮ್ಮಕ್ಕಳು ಈಗ ನನ್ನ ತರಗತಿಯಲ್ಲಿ ಕೂರುತ್ತಾರೆ. ಅಜ್ಜನ ಗದ್ದೆ, ದೈವದ ಬನ ಎಲ್ಲಿತ್ತು ಅಂತ ಅವರು ಕೈ ತೋರಿಸುವ ಕಡೆ ಈಗ ಬಂದರಿನ ಗೋಡೆ.

ಘಟ್ಟದ ಮೇಲೆ ಇನ್ನೂ ದೊಡ್ಡ ಬೆಲೆ. ಅದಿರು ತೆಗೆದ ಮೇಲೆ ಉಳಿಯುವ ಕೆಸರನ್ನು ಹಿಡಿದಿಡಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲ ಅಲ್ಲೇ ಹತ್ತಿರ. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಕೆಳಗಡೆ ರೈತರು ದೂರು ಹೇಳಿದರು. ಪೆಲೆಟ್ ಕಾರ್ಖಾನೆ ಮಾರಾಟ ಶುರು ಮಾಡಿದ ಅದೇ 1987ರಲ್ಲಿ ಆ ಕಾಡನ್ನು ರಾಷ್ಟ್ರೀಯ ಉದ್ಯಾನ ಅಂತ ಸರ್ಕಾರ ಘೋಷಿಸಿತು. ಒಂದೇ ಬೆಟ್ಟಕ್ಕೆ ಎರಡು ಆಸೆ. ಗಣಿಯ 30 ವರ್ಷದ ಗುತ್ತಿಗೆ 1999ಕ್ಕೆ ಮುಗಿಯಿತು. ಅರಣ್ಯ ಉಳಿಸಲು ಹೋರಾಡಿದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರ ತೀರ್ಪಿನ ಪ್ರಕಾರ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು.

ಆ ತೀರ್ಪು ಬಂದಾಗ ಮಾವನ ಮನೆಯಲ್ಲಿ ಸಂಕಟ ಇತ್ತು, ನನಗೂ ಇತ್ತು. ಆದರೆ ಕಾಡು ಉಳಿದದ್ದು ಸರಿಯಾಯಿತು ಅಂತಲೇ ನಾನು ಅವತ್ತೂ ಹೇಳಿದ್ದೆ, ಇವತ್ತೂ ಹೇಳುತ್ತೇನೆ. 1975ರ ಒಪ್ಪಂದದಲ್ಲಿ ಡಾಲರಿಗೆ ಲೆಕ್ಕ ಇತ್ತು, ಟನ್ನಿಗೆ ಲೆಕ್ಕ ಇತ್ತು. ಭದ್ರೆಯ ನೀರಿಗೆ, ಶೋಲಾ ಕಾಡಿಗೆ ಒಂದು ಸಾಲೂ ಲೆಕ್ಕ ಇರಲಿಲ್ಲ. ಲೆಕ್ಕಕ್ಕೆ ಬಾರದ ಖರ್ಚು ಎಂದೋ ಒಂದು ದಿನ ಬಂದೇ ಬರುತ್ತದೆ. ಗಣಿ ಹೋದ ಮೇಲೆ ಪೆಲೆಟ್ ಕಾರ್ಖಾನೆ ಛತ್ತೀಸ್‌ಗಢದ ಬೈಲಾಡಿಲದ ಅದಿರನ್ನು ವಿಶಾಖಪಟ್ಟಣದಿಂದ ಹಡಗಿನಲ್ಲಿ ತರಿಸಿಕೊಂಡು ನಡೆಯಬೇಕಾಯಿತು. ಘಟ್ಟದಿಂದ ತಾನಾಗಿ ಇಳಿದು ಬರುತ್ತಿದ್ದ ಅದಿರೆಲ್ಲಿ, ಇಡೀ ದಕ್ಷಿಣದ ಕರಾವಳಿ ಸುತ್ತಿ ಬರುವ ಅದಿರೆಲ್ಲಿ! ಪೈಪೋಟಿ ಕಷ್ಟವಾಯಿತು, ಕಾರ್ಖಾನೆ ಆಗಾಗ ನಿಲ್ಲತೊಡಗಿತು. ಈಗ ಸಂಡೂರಿನ ದೇವದಾರಿ ಗಣಿಯ ಮೇಲೆ ಕಂಪನಿಯ ಕಣ್ಣು. ಅಲ್ಲೂ ಕಾಡಿನ ಪ್ರಶ್ನೆ ಎದ್ದಿದೆ.

ಸಾಲದ ಬದಲು ನೇರ ಬಂಡವಾಳ ಬಂದಿದ್ದರೆ ಚೆನ್ನಾಗಿತ್ತು ಅಂತ ಕೆಲವು ವಿದ್ಯಾರ್ಥಿಗಳು ವಾದಿಸುತ್ತಾರೆ. ಮಾತಿನಲ್ಲಿ ಹುರುಳಿದೆ. ಹೂಡಿಕೆದಾರನಿಗೆ ನಷ್ಟವಾದರೆ ಅವನದೇ ನಷ್ಟ, ನಾವು ಕಂತು ಕಟ್ಟಬೇಕಿಲ್ಲ. ಆದರೆ ಅದಕ್ಕೂ ನಮ್ಮ ಕರಾವಳಿಯಲ್ಲೇ ಒಂದು ಉದಾಹರಣೆ ಇದೆ. 1990ರ ದಶಕದಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ಪಡುಬಿದ್ರಿ ಹತ್ತಿರದ ನಂದಿಕೂರಿನಲ್ಲಿ 1,000 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಹಾಕಲು ಬಂದಿತ್ತು. ಕೇಂದ್ರ ಸರ್ಕಾರದ ಪ್ರತಿಖಾತರಿ ಕೇಳಿತ್ತು. ಅಂದರೆ ರಾಜ್ಯದ ವಿದ್ಯುತ್ ಮಂಡಳಿ ಹಣ ಕೊಡದಿದ್ದರೆ ದೆಹಲಿ ಕೊಡಬೇಕು. ಹೆಸರು ಹೂಡಿಕೆ, ಅಪಾಯ ಮಾತ್ರ ನಮ್ಮ ತಲೆ ಮೇಲೆ. ಊರವರ ವಿರೋಧ, ಕೋರ್ಟು, ವರ್ಷಗಟ್ಟಲೆ ವಿಳಂಬ ಎಲ್ಲ ಆಗಿ 1999ರ ಡಿಸೆಂಬರ್‌ನಲ್ಲಿ ಕಂಪನಿ ವಾಪಸ್ ಹೋಯಿತು. ಆಮೇಲೆ ಪಕ್ಕದ ಎಲ್ಲೂರಿನಲ್ಲಿ ದೇಶದ ಕಂಪನಿಯೇ 1,200 ಮೆಗಾವ್ಯಾಟ್ ಸ್ಥಾವರ ಕಟ್ಟಿತು, ಹೊರಗಿನಿಂದ ತರುವ ಕಲ್ಲಿದ್ದಲನ್ನು ನಂಬಿ. ಬಂಡವಾಳ ನಮ್ಮದಾದರೂ ಉರುವಲು ಡಾಲರಿನದೇ.

ಈಗ ಮತ್ತೆ ಕೊಲ್ಲಿಯ ದುಡ್ಡು ಇಲ್ಲಿಗೆ ಬಂದಿದೆ, ಬೇರೆ ರೂಪದಲ್ಲಿ. ಮಂಗಳೂರಿನ ಹತ್ತಿರದ ಪೆರ್ಮುದೆಯಲ್ಲಿ ಬಂಡೆ ಕೊರೆದು 15 ಲಕ್ಷ ಟನ್ ಕಚ್ಚಾ ತೈಲ ತುಂಬುವ ನೆಲದಡಿಯ ಗುಹೆಗಳನ್ನು ಮಾಡಿದ್ದಾರೆ. ಅಬುಧಾಬಿಯ ಅಡ್ನಾಕ್ ಕಂಪನಿ ಅಲ್ಲಿ ತನ್ನ 58.6 ಲಕ್ಷ ಬ್ಯಾರಲ್ ತೈಲ ಇಡುವ ಒಪ್ಪಂದ ಮಾಡಿಕೊಂಡು, 2018ರ ಮೇ ತಿಂಗಳಲ್ಲಿ ಮೊದಲ ಹಡಗು ಕಳಿಸಿತು. ತೈಲ ಅವರದು, ಗುಹೆ ನಮ್ಮದು. ತುರ್ತು ಬಂದರೆ ಮೊದಲ ಹಕ್ಕು ಭಾರತಕ್ಕೆ. ಇದನ್ನು ಹೇಳಿದ ದಿನ ಬಜಪೆ ಕಡೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. ಕೈಯಲ್ಲಿ ಪೆಲೆಟ್ ಇನ್ನೂ ಹಾಗೇ ಇತ್ತು.

"ಸರ್, ಇಲ್ಲಿ ಅವರು ಬಿಟ್ಟು ಹೋದ್ರೆ ನಮ್ಮ ಹತ್ರ ಎಂತ ಉಳೀತದೆ?"

ಗುಹೆ ಉಳಿಯುತ್ತದೆ, ಅದಕ್ಕೆ ಯಾರ ತೈಲವನ್ನಾದರೂ ತುಂಬಬಹುದು ಅಂತ ಹೇಳಿದೆ. ಅವಳು ಪೆಲೆಟನ್ನು ಮುಂದಿನ ಬೆಂಚಿಗೆ ದಾಟಿಸಿ, ಅಂಗೈ ಒರೆಸಿಕೊಂಡು, ಅದನ್ನು ನೋಟ್ಸಿನಲ್ಲಿ ಬರೆದುಕೊಂಡಳು.